ಹೇಳಬಾರದ ಬಣ್ಣ

ನ್ಯೂ ಆರ್ಲಿಯನ್ಸ್
11 ಜುಲೈ 1976

ಪ್ರೀತಿಯ ಅಕ್ಕ,

ಒಡೀಲ್ ಹೋಗಿ ನಾಲ್ಕು ತಿಂಗಳಾಯಿತು. ನೀನು ಕಳಿಸಿದ ಕಾರ್ಡು ಇನ್ನೂ ಅಡುಗೆಮನೆಯ ಕಿಟಕಿಯಲ್ಲೇ ಇದೆ. ಗಾಳಿಗೆ ಬಿದ್ದಾಗಲೆಲ್ಲ ಎತ್ತಿಡುತ್ತೇನೆ. ಪಕ್ಕದ ಮನೆಯಾಕೆ ಸೋಮವಾರ ಸೋಮವಾರ ಅನ್ನ, ಕೆಂಪು ಕಾಳು ಬೇಯಿಸಿ ತಂದುಕೊಡುತ್ತಾಳೆ. ಉಪ್ಪು ಸಾಲದು. ಹೆಂಡತಿ ಸತ್ತವನು ಉಪ್ಪಿನ ಮಾತೆತ್ತಬಾರದು ಎಂದು ಸುಮ್ಮನೆ ಉಣ್ಣುತ್ತೇನೆ.

ವಿಷಯಕ್ಕೆ ಬರುತ್ತೇನೆ. ಈ ಸಲದ ಮಾರ್ಡಿ ಗ್ರಾ ಹಬ್ಬಕ್ಕೆ ನಮ್ಮ ಬಳಗದ ನಾಯಕ, ಅಂದರೆ ನಾನು, ಗರಿಯ ವೇಷ ಕಟ್ಟಿ ಬೀದಿಗೆ ಹೊರಡುವುದಿಲ್ಲ ಎಂದು ಕೇರಿಯಲ್ಲೆಲ್ಲ ಸುದ್ದಿ. ಹಬ್ಬಿಸಿದವನು ಆಲ್ಸೀಡ್. ನೆನಪಿದೆಯಲ್ಲ, ಚಿಕ್ಕಂದಿನಲ್ಲಿ ನಮ್ಮ ಹಿತ್ತಲ ಅಂಜೂರ ಕದಿಯುತ್ತಿದ್ದವನು, ಈಗ ಕೆಳಗಿನ ಕೇರಿಯ ಬಳಗಕ್ಕೆ ನಾಯಕ. "ಪಾಪ, ಕ್ಲೋವಿಸ್‌ಗೆ ವಯಸ್ಸಾಯ್ತು. ಹೆಂಡ್ತೀನೂ ಹೋದ್ಲು. ಇನ್ನು ಸೂಜಿಗೆ ದಾರ ಹಾಕಿಕೊಡೋರು ಯಾರು?" ಎಂದನಂತೆ. ಮಾರ್ಡಿ ಗ್ರಾ ಬೆಳಿಗ್ಗೆ ನಾನು ಹೊಸ ವೇಷವಿಲ್ಲದೆ ಹೊಸ್ತಿಲ ಮೇಲೆ ಕೂತು ಅವನ ಗರಿಗಳನ್ನು ನೋಡಬೇಕೇ? ಅದಕ್ಕಿಂತ ಒಡೀಲ್ ಜೊತೆಯಲ್ಲೇ ನನ್ನನ್ನೂ ಮಣ್ಣು ಮಾಡಬಹುದಿತ್ತು.

ನಾನು ಹೊರಡುತ್ತೇನೆ. ಒಳಗಿನ ದಪ್ಪ ಬಟ್ಟೆ ಕತ್ತರಿಸಿಯಾಗಿದೆ. ಆದರೆ ಎದೆಪಟ್ಟಿಯನ್ನು ನೀನು ಹೊಲಿಯಬೇಕು. ಪ್ರತಿ ವರ್ಷ ಅದಕ್ಕೆ ಮಣಿ ಹೊಲಿಯುತ್ತಿದ್ದವಳು ಒಡೀಲ್. ಅವಳಿಗಿಂತ ಮೊದಲು ನನಗೆ ಸೂಜಿ ಹಿಡಿಯುವುದನ್ನು ಕಲಿಸಿದವಳು ನೀನು. ಪಟ್ಟಿಯಲ್ಲಿ ಒಡೀಲ್ ಇರಲಿ: ಕಿಟಕಿಯ ಪಕ್ಕ ಕೂತು, ಬಾಯಲ್ಲಿ ದಾರ ಕಚ್ಚಿಕೊಂಡ ಒಡೀಲ್. ಎಲ್ಲರೂ ಎದೆಯ ಮೇಲೆ ಹದ್ದು, ಕುದುರೆ, ಬಿಲ್ಲು ಹಿಡಿದ ವೀರರನ್ನು ಹೊತ್ತು ಬಂದರೆ ಇವನು ಹೆಂಡತಿಯನ್ನು ಹೊತ್ತು ಬಂದ ಎಂದು ಜನ ನಗಬಹುದು. ನಗಲಿ ಬಿಡು.

ಅಕ್ಷರ ದಪ್ಪಗಾಗಿದೆ, ಸಾಲು ಸೊಟ್ಟಗಾಗಿದೆ ಎಂದು ಬೈಯಬೇಡ. ಇಲ್ಲಿಯ ಬಲ್ಬು ಮಂಕು. ಬದಲಾಯಿಸಬೇಕು.

ನಿನ್ನ ತಮ್ಮ,
ಕ್ಲೋವಿಸ್


ಓಕ್‌ಲ್ಯಾಂಡ್
24 ಜುಲೈ 1976

ಕ್ಲೋವಿಸ್,

ಹೊಲಿಯುತ್ತೇನೆ. ಕೇಳಬೇಕಾಗಿಯೇ ಇರಲಿಲ್ಲ. ಈ ಹಾಳು ಮಂಡಿಯಿಂದ ಒಡೀಲ್‌ಳ ಮಣ್ಣಿಗೂ ನನಗೆ ಬರಲಾಗಲಿಲ್ಲ. ಅವಳ ಮುಖವನ್ನಾದರೂ ನನ್ನ ಕೈಯಾರೆ ಹೊಲಿಯುತ್ತೇನೆ.

ಆದರೆ ಮಹಾನಾಯಕರೇ, ಅಂಚಿಗೆ ಯಾವ ಬಣ್ಣ? ನಾಯಕನ ಬಣ್ಣ ಹಬ್ಬದ ಬೆಳಿಗ್ಗೆಯವರೆಗೆ ಅವನ ನೆರಳಿಗೂ ಗೊತ್ತಾಗಬಾರದು ಎಂಬುದು ನನಗೂ ಗೊತ್ತು. ಅಪ್ಪ ತನ್ನ ಬಣ್ಣವನ್ನು ಅಮ್ಮನಿಗೂ ಹೇಳುತ್ತಿರಲಿಲ್ಲ. ಅಮ್ಮ ಅವನ ಅಂಗಿ ಒಗೆಯುವಾಗ ಅಂಟಿಕೊಂಡ ಎಳೆ ನೋಡಿ ಪತ್ತೆ ಮಾಡಿ, ಏನೂ ತಿಳಿಯದವಳಂತೆ ಇರುತ್ತಿದ್ದಳು. ನಾನೇನು ಇಲ್ಲಿಂದ ನಿನ್ನ ಅಂಗಿ ಒಗೆಯಲೇ? ಬಣ್ಣ ಹೊಂದದಿದ್ದರೆ ಪಟ್ಟಿ ಎದೆಯ ಮೇಲೆ ತೇಪೆ ಹಾಕಿದಂತೆ ಕಾಣುತ್ತದೆ.

ನಿಮ್ಮ ಮೂಲೆ ಅಂಗಡಿಗೆ ಫೋನ್ ಮಾಡಿ ನಿನ್ನನ್ನು ಕರೆಸೋಣ ಎಂದುಕೊಂಡೆ. ಆ ಅಂಗಡಿಯಲ್ಲಿ ಒಬ್ಬರು ಕೆಮ್ಮಿದರೆ ಸಂಜೆಯೊಳಗೆ ಕೇರಿಯೆಲ್ಲ ಕಷಾಯ ಕಾಯಿಸುತ್ತದೆ. ಕಾಗದದಲ್ಲೇ ಬರೆ. ಓದಿ ಒಲೆಗೆ ಹಾಕುತ್ತೇನೆ. ಬಲ್ಬು ಬದಲಾಯಿಸು.

ನಿನ್ನ ಅಕ್ಕ,
ಅರ್ಲೀನ್


ನ್ಯೂ ಆರ್ಲಿಯನ್ಸ್
29 ಆಗಸ್ಟ್ 1976

ಪ್ರೀತಿಯ ಅಕ್ಕ,

ಒಂದು ತಿಂಗಳು ಯೋಚಿಸಿದೆ. ಹೇಳದೆ ವಿಧಿಯಿಲ್ಲ. ಹೇಳುತ್ತೇನೆ: ಬಿಳಿ.

ಒಡೀಲ್‌ಗೆ ಬಿಟ್ಟರೆ ಯಾರಿಗೂ ಹೇಳಿದವನಲ್ಲ. ಜೀವಮಾನದಲ್ಲಿ ಮೊದಲ ಸಲ ಬಣ್ಣ ಬಾಯಿಬಿಟ್ಟಿದ್ದೇನೆ.

ಯಾಕೆ ಎಂದೂ ಹೇಳಬೇಕು. ಮದುವೆಯಾದ ವರ್ಷದಿಂದ ಒಡೀಲ್‌ಳದು ಒಂದೇ ಬೇಡಿಕೆ. "ಕ್ಲೋವಿಸ್, ಒಂದೇ ಒಂದ್ಸಲ ಬಿಳಿ ಹಾಕ್ಕೊ. ಬೆಳಿಗ್ಗೆ ಬಾಗಿಲು ತೆಗೆದು ನೀನು ಬಿಳಿ ಬಿಳಿ ಇಳಿದು ಬರೋದನ್ನ ನೋಡ್ಬೇಕು." ನಾನು ಪ್ರತಿ ವರ್ಷ ಅದೇ ಉತ್ತರ ಕೊಡುತ್ತಿದ್ದೆ: "ಬಿಳಿ ಹಾಕ್ಕೊಂಡು ಈ ಧೂಳಲ್ಲಿ ಎರಡು ಬೀದಿ ಸುತ್ತಿದ್ರೆ ಒಲೆ ಒರೆಸೋ ಬಟ್ಟೆ ಆಗಿ ವಾಪಸ್ ಬರ್ತೀನಿ." ಕೆಂಪು ಹಾಕಿದೆ, ಹಸಿರು ಹಾಕಿದೆ, ನೇರಳೆ ಹಾಕಿದೆ. ಅವಳು ಗೊಣಗುತ್ತಲೇ ಎಲ್ಲದಕ್ಕೂ ಮಣಿ ಹೊಲಿದಳು. ಆಸ್ಪತ್ರೆಯಲ್ಲಿ ಕೊನೆಯ ದಿನ ಅವಳ ಕೈ ಹಿಡಿದು, "ಆಯ್ತು ಕಣೆ, ಈ ಸಲ ಬಿಳಿ" ಎಂದೆ. ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಕೇಳಿಸದಿದ್ದರೂ ಮಾತು ಮಾತೇ.

ಗರಿ ಅಂಗಡಿಗೆ ಹೋದರೆ ಆಲ್ಸೀಡನ ಷಡ್ಡಕ ಅಲ್ಲೇ ನಿಂತಿದ್ದಾನೆ, ಗುಂಡಿ ಆರಿಸುವವನ ಹಾಗೆ ನಟಿಸುತ್ತ! ಬಾಯಿ ಬಿಡುತ್ತೇನೆಯೇ? ಬಣ್ಣದ ಹೆಸರೆತ್ತದೆ ಬೆರಳಲ್ಲಿ ತೋರಿಸಿದೆ. ಅಂಗಡಿಯ ಹುಡುಗಿ, "ಇದೇನಾ ತಾತ? ಖಂಡಿತಾನಾ?" ಎಂದಳು. "ನೀನು ಹುಟ್ಟೋಕ್ ಮುಂಚಿಂದ ಗರಿ ಕೊಳ್ತಿದೀನಿ. ಕಟ್ಟಮ್ಮ ಸುಮ್ನೆ" ಎಂದೆ. ಗರಿಗೆ ಹೊಂದುವ ಸ್ಯಾಟಿನ್ನು, ಅಂಚು, ಎಲ್ಲವನ್ನೂ ಅವಳೇ ತೆಗೆದುಕೊಟ್ಟಳು. ಮನೆಗೆ ಬಂದು ಕಿಟಕಿಗೆಲ್ಲ ಪರದೆ ಎಳೆದು ಬಿಚ್ಚಿದೆ. ಒಂದು ಗರಿ ಇದರಲ್ಲಿಟ್ಟಿದ್ದೇನೆ. ಎಂಥ ಬಿಳಿ, ನೋಡು ಅಕ್ಕ.

ಕ್ಲೋವಿಸ್


ಓಕ್‌ಲ್ಯಾಂಡ್
6 ಸೆಪ್ಟೆಂಬರ್ 1976

ಕ್ಲೋವಿಸ್,

ಈ ಕಾಗದವನ್ನು ನಾನು ಅಂಚೆಗೆ ಹಾಕುವುದಿಲ್ಲ. ಬರೆಯದಿದ್ದರೆ ಎದೆ ಒಡೆಯುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ನಿನ್ನ ಗರಿ ಹಳದಿ.

ಮೊದಲು ತಮಾಷೆ ಮಾಡುತ್ತಿದ್ದೀಯ ಎಂದುಕೊಂಡೆ. ಕಿಟಕಿಯ ಬಳಿ ಹಿಡಿದೆ. ಉಪ್ಪಿನ ಬಟ್ಟಲ ಪಕ್ಕ ಇಟ್ಟೆ. ಮಾಗಿದ ಬಾಳೆಹಣ್ಣಿನ ಸಿಪ್ಪೆಯಷ್ಟು ಹಳದಿ. ಆಮೇಲೆ ನಿನ್ನ ಸೊಟ್ಟ ಸಾಲುಗಳನ್ನು ಮತ್ತೆ ನೋಡಿದೆ. ಅಮ್ಮನಿಗೂ ಹೀಗೇ ಆಗಿತ್ತಲ್ಲ. ಕೊನೆಗಾಲದಲ್ಲಿ, ಹಾಲು ಕೆಟ್ಟು ಹಳದಿಯಾಗಿದೆ ಎಂದು ಚೆಲ್ಲಿಬಿಡುತ್ತಿದ್ದಳು. ನಿನ್ನ ಕಣ್ಣಿಗೂ ಪೊರೆ ಬಂದಿದೆ, ಬಿಳಿಗೂ ಹಳದಿಗೂ ಭೇದ ತಿಳಿಯುತ್ತಿಲ್ಲ, ಮಗುವೇ. ಬಲ್ಬಿನದೇನೂ ತಪ್ಪಿಲ್ಲ.

ನೀನು ಬಿಳಿ ಎಂದುಕೊಂಡು ತಂದದ್ದು ಈ ಲೋಕದಲ್ಲಿ ನನ್ನೊಬ್ಬಳಿಗೆ ಗೊತ್ತು. ಬಣ್ಣ ಹೇಳಬಾರದು ಎಂಬ ಕಟ್ಟಳೆಯೇ ನಿನ್ನನ್ನು ಹಳ್ಳಕ್ಕೆ ತಳ್ಳಿದೆ. ಅಂಗಡಿಯಲ್ಲಿ ಒಮ್ಮೆ "ಬಿಳಿ ಕೊಡಮ್ಮ" ಎಂದಿದ್ದರೆ ಮುಗಿದಿತ್ತು. ಈಗ ಅದೇ ಕಟ್ಟಳೆ ನಿನ್ನ ಮಾನವನ್ನೂ ಕಾಯುತ್ತಿದೆ. ನಾನು ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಜನ ಹಳದಿ ನಾಯಕನನ್ನು ನೋಡಿ ಮೆಚ್ಚುತ್ತಾರೆ. ಆದರೆ ನೀನು ಒಡೀಲ್‌ಗೆ ಕೊಟ್ಟ ಮಾತು ನಡೆಯಿತು ಎಂದುಕೊಂಡು ಬೀದಿ ಸುತ್ತುತ್ತೀಯ, ಅದು ನಡೆದಿರುವುದಿಲ್ಲ.

ಹೇಳಿದರೆ? ವರ್ಷದ ಉಳಿತಾಯವೆಲ್ಲ ಗರಿಗೆ ಹೋಗಿದೆ. ಇನ್ನೊಮ್ಮೆ ಕೊಳ್ಳುವ ಶಕ್ತಿ ನಿನಗೂ ಇಲ್ಲ, ನನಗೂ ಇಲ್ಲ. ನಿನ್ನ ಹಟ ನನಗೆ ಗೊತ್ತು. ಸೂಜಿ ಎಸೆದು ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತೀಯ. ಆಮೇಲೆ ಏಳುವುದಿಲ್ಲ. ಅಪ್ಪ ಹಾಗೇ ಹೋದ.

ಏನು ಮಾಡಲಿ ಹೇಳು.


ಓಕ್‌ಲ್ಯಾಂಡ್
9 ಸೆಪ್ಟೆಂಬರ್ 1976

ಕ್ಲೋವಿಸ್,

ಗರಿ ಬಂತು. ತುಂಬ ಚೆನ್ನಾಗಿದೆ. ಅದಕ್ಕೆ ಹೊಂದುವ ಮಣಿ ಇಲ್ಲೇ ಸಿಗುತ್ತದೆ. ಇನ್ನು ಕಾಗದದಲ್ಲಿ ಬಣ್ಣದ ಹೆಸರು ಬರೆಯಬೇಡ, ಯಾರಾದರೂ ಒಡೆದು ಓದಿಯಾರು.

ಒಂದು ಮಾತು. ನಮ್ಮ ವಯಸ್ಸಿನವರು ಆಗಾಗ ಕಣ್ಣು ತೋರಿಸಿಕೊಳ್ಳಬೇಕಂತೆ. ನಾನು ಹೋದ ವಾರ ತೋರಿಸಿದೆ. ಏನೂ ನೋವಾಗಲಿಲ್ಲ. ನೀನೂ ಒಮ್ಮೆ ಹೋಗಿ ಬಾ.

ಅರ್ಲೀನ್


ನ್ಯೂ ಆರ್ಲಿಯನ್ಸ್
17 ಅಕ್ಟೋಬರ್ 1976

ಅಕ್ಕ,

ಕಣ್ಣಿನ ಮಾತು ಎಲ್ಲಿಂದ ಬಂತು? ಆಲ್ಸೀಡ್ ಏನಾದರೂ ಬರೆದನೇ? ನನ್ನ ಕಣ್ಣು ಚೆನ್ನಾಗಿದೆ. ಸೂಜಿಯ ಕಣ್ಣು ಸಣ್ಣದಾಗಿದೆ, ಈಗ ಯಾವುದನ್ನೂ ಮೊದಲಿನಂತೆ ಮಾಡುವುದಿಲ್ಲ. ಪಕ್ಕದ ಮನೆಯಾಕೆ ಬೇಲಿಯ ಮೇಲಿಂದ ಸೂಜಿಗಳನ್ನು ಇಸಿದುಕೊಂಡು ದಾರ ಹಾಕಿಕೊಡುತ್ತಾಳೆ. ಅವಳಿಗೂ ಹೊತ್ತು ಹೋಗಬೇಕಲ್ಲ. ಆಸ್ಪತ್ರೆಗೆ ಹೋದರೆ ಕೊಯ್ದು ವಾರಗಟ್ಟಲೆ ಮಲಗಿಸುತ್ತಾರೆ. ಆಮೇಲೆ ನನ್ನ ತೋಳಿಗೆ, ಕಿರೀಟಕ್ಕೆ ಗರಿ ಕಟ್ಟುವವರು ಯಾರು, ಡಾಕ್ಟರೇ? ಇನ್ನೊಮ್ಮೆ ಈ ಮಾತು ಎತ್ತಬೇಡ. ಮತ್ತೆ ನೀನೇಕೆ ಅಂಗಡಿಯ ಬೋರ್ಡಿನ ಹಾಗೆ ದಪ್ಪ ಕಪ್ಪು ಅಕ್ಷರದಲ್ಲಿ ಬರೆಯಲು ಶುರುಮಾಡಿದ್ದೀಯ? ನಾನೇನು ಕಿವುಡನೇ?

ಮೊನ್ನೆ ಆಲ್ಸೀಡ್ ಬಂದಿದ್ದ. ಒಂದು ಪಾತ್ರೆ ಸಿಗಡಿ ಗಂಬೋ ಸಾರು ಹಿಡಿದುಕೊಂಡು, ಒಡೀಲ್‌ಳ ನೆನಪಿಗೆ ಎಂದು. ಗಂಬೋ ನೆಪ, ಬೇಹುಗಾರಿಕೆ ಕೆಲಸ. ಕಿರೀಟದ ಮೇಲೆ ಹಾಸಿಗೆಯ ಚಾದರ ಎಳೆದೇ ಬಾಗಿಲು ತೆಗೆದೆ. ಚಿಕೋರಿ ಕಾಫಿ ಕುಡಿದು ಏಳುವಾಗ ಅವನ ಮೊಣಕೈ ತಾಗಿ ಚಾದರ ಸ್ವಲ್ಪ ಜಾರಿತೋ ಏನೋ. ಅವನು ಅದನ್ನು ಸರಿಮಾಡಿ ಹೊದಿಸಿದ. ಆಮೇಲೆ, "ಈ ಸಲ ಹಬ್ಬಕ್ಕೆ ಬಿಸಿಲು ಚೆನ್ನಾಗಿರುತ್ತೆ ಕಣೋ ಕ್ಲೋವಿಸ್" ಎಂದು ಹೋದ. ಅಕ್ಟೋಬರಿನಲ್ಲಿ ಕೂತು ಫೆಬ್ರುವರಿಯ ಹವೆ ಹೇಳುತ್ತಾನೆ. ಅವನಿಗೂ ವಯಸ್ಸಾಯಿತು, ಪಾಪ.

ಗಂಬೋ ಚೆನ್ನಾಗಿತ್ತು. ಅವನಿಗೆ ಹೇಳಲಿಲ್ಲ.

ಕ್ಲೋವಿಸ್


ಓಕ್‌ಲ್ಯಾಂಡ್
12 ಡಿಸೆಂಬರ್ 1976

ಕ್ಲೋವಿಸ್,

ಪಟ್ಟಿ ಹೊರಟಿದೆ. ಕ್ರಿಸ್‌ಮಸ್ ಗಲಾಟೆಯಲ್ಲಿ ತಡವಾದೀತು, ಅಂಚೆಯವನ ಮೇಲೆ ಕೂಗಾಡಬೇಡ.

ನಮ್ಮ ಕೇರಿಯ ಹೊಲಿಗೆ ಚಪ್ಪಟೆ, ಅದು ನನಗೆ ಗೊತ್ತು. ಉಬ್ಬಿಸಿ ಹೊಲಿಯುವುದು ಕೆಳಗಿನ ಕೇರಿಯವರ ಚಾಳಿ. ಆದರೂ ನಾನು ಒಳಗೆ ಹತ್ತಿ ತುಂಬಿ ಉಬ್ಬಿಸಿ ಹೊಲಿದಿದ್ದೇನೆ. ಅಪ್ಪ ಇದ್ದಿದ್ದರೆ ನನ್ನನ್ನು ಮನೆಯಿಂದ ಹೊರಗೆ ಹಾಕುತ್ತಿದ್ದ. ನೀನೂ ಬೈಯಬಹುದು. ಬೈಯುವ ಮೊದಲು ಪಟ್ಟಿಯನ್ನು ಮೇಜಿನ ಮೇಲೆ ಹರಡಿ, ಬೆರಳಿನಿಂದ ಮೆಲ್ಲಗೆ ಸವರು. ಅವಸರ ಮಾಡಬೇಡ.

ಅರ್ಲೀನ್


ನ್ಯೂ ಆರ್ಲಿಯನ್ಸ್
9 ಜನವರಿ 1977

ಅಕ್ಕ,

ಒಡೀಲ್‌ಳ ಮೂಗು ನನ್ನ ಬೆರಳಿಗೆ ಸಿಕ್ಕಿತು.

ಮೊದಲು ಕಿಟಕಿಯ ಚೌಕಟ್ಟು ಸಿಕ್ಕಿತು, ಆಮೇಲೆ ಕುರ್ಚಿಯ ಬೆನ್ನು, ಅವಳ ಭುಜ, ಸ್ವಲ್ಪ ಮೊಂಡಾದ ಆ ಮೂಗು. ಬಾಯಲ್ಲಿ ಕಚ್ಚಿದ ದಾರವನ್ನು ನೀನು ಮಣಿಯಲ್ಲಿ ಮಾಡಿಲ್ಲ, ನಿಜವಾದ ದಾರವನ್ನೇ ಬಿಟ್ಟಿದ್ದೀಯ. ಅದು ಬೆರಳಿಗೆ ಸಿಕ್ಕಿಕೊಂಡಿತು. ಮೇಜಿನ ಮುಂದೆ ಕೂತು ಅತ್ತೆ, ಅಕ್ಕ. ಅವಳು ಹೋದ ದಿನ ಜನರ ಎದುರಿಗೆ ಅಳಲಾಗಿರಲಿಲ್ಲ. ಅದೆಲ್ಲ ಈಗ ಬಂತು.

ಆಮೇಲೆ ಹೊಳೆಯಿತು. ನಮ್ಮ ಮನೆಯಲ್ಲಿ ಹುಟ್ಟಿದವಳು ಸುಮ್ಮಸುಮ್ಮನೆ ಕೆಳಗಿನ ಕೇರಿಯ ಹೊಲಿಗೆ ಹೊಲಿಯುವುದಿಲ್ಲ. ಕಣ್ಣಿಗೆ ಕಾಣದ್ದು ಕೈಗಾದರೂ ಸಿಗಲಿ ಎಂದು ಹೊಲಿದಿದ್ದೀಯ. ನಿನಗೆ ಗೊತ್ತಾಗಿದೆ. ಗರಿ ನೋಡಿ ಗೊತ್ತಾಯಿತು, ಅಲ್ಲವೇ? ಅದಾದ ಮೇಲೆಯೇ ನಿನ್ನ ಅಕ್ಷರ ದಪ್ಪವಾದದ್ದು. ಆ ದಪ್ಪ ಅಕ್ಷರವನ್ನೂ ನಾನು ಭೂತಗನ್ನಡಿ ಹಿಡಿದೇ ಓದುವುದು.

ಪಟ್ಟಿಯ ಅಂಚನ್ನು ಗರಿಯ ಪಕ್ಕ ಇಟ್ಟು ನೋಡಿದೆ. ಎರಡೂ ಒಂದೇ ಕಂಡವು. ಈಗ ನನಗೆ ಹಾಲು, ಬೆಣ್ಣೆ, ಗೋಡೆ, ಕಾಗದ ಎಲ್ಲವೂ ಒಂದೇ ಕಾಣುತ್ತದೆ. ಯಾರನ್ನೂ ಕೇಳುವಂತಿಲ್ಲ. ಕೇಳಿದರೆ ಬಣ್ಣ ಬಯಲಾಯಿತು, ಕಣ್ಣೂ ಬಯಲಾಯಿತು.

ನಿನ್ನನ್ನು ಕೇಳುತ್ತೇನೆ. ಸುಳ್ಳು ಹೇಳಬೇಡ. ನನ್ನ ಬಣ್ಣ ಯಾವುದು?

ಕ್ಲೋವಿಸ್


ಓಕ್‌ಲ್ಯಾಂಡ್
14 ಜನವರಿ 1977

ಕ್ಲೋವಿಸ್, ನನ್ನಪ್ಪಾ,

ಹಳದಿ.

ಸೆಪ್ಟೆಂಬರಿನಲ್ಲಿ ಬರೆದು ಹಾಕದೆ ಇಟ್ಟುಕೊಂಡ ಕಾಗದ ಇದರ ಜೊತೆಗಿದೆ, ಓದಿಕೊ. ಆಗಲೇ ಯಾಕೆ ಹೇಳಲಿಲ್ಲ ಎಂದು ಬೈಯುತ್ತೀಯ. ಬೈಯಿ. ಮಾತು ಉಳಿಯುವುದಕ್ಕಿಂತ ನೀನು ಉಳಿಯುವುದು ನನಗೆ ಮುಖ್ಯವಾಗಿತ್ತು. ಒಡೀಲ್‌ಳನ್ನು ಕೇಳಿದ್ದರೆ ಅವಳೂ ಅದನ್ನೇ ಹೇಳುತ್ತಿದ್ದಳು ಎಂದುಕೊಂಡೆ. ಸತ್ತವರ ಪರವಾಗಿ ಮಾತಾಡುವುದು ಸುಲಭ, ತಪ್ಪಿದ್ದರೂ ಇರಬಹುದು.

ಪಟ್ಟಿಯ ಅಂಚು ಗರಿಗೆ ಹೊಂದುವ ಹಳದಿಯೇ. ಆದರೆ ಅವಳು ಉಟ್ಟಿರುವ ಗೌನು ಬಿಳಿ. ಒಂದೊಂದು ಮಣಿಯನ್ನೂ ಉಪ್ಪಿನ ಪಕ್ಕ ಇಟ್ಟು ನೋಡಿ ಹೊಲಿದಿದ್ದೇನೆ. ನಿನ್ನ ಎದೆಯ ಮೇಲೆ ಅಂಗೈಯಗಲ ಬಿಳಿ ಇದೆ. ನನ್ನಿಂದಾದದ್ದು ಅಷ್ಟು.

ಹೊರಡು ತಮ್ಮಾ. ನಿಲ್ಲಿಸಬೇಡ.

ಅರ್ಲೀನ್


ಓಕ್‌ಲ್ಯಾಂಡ್
13 ಫೆಬ್ರುವರಿ 1977

ಕ್ಲೋವಿಸ್,

ಒಂದು ತಿಂಗಳಾಯಿತು, ನಿನ್ನಿಂದ ಒಂದು ಸಾಲಿಲ್ಲ. ಮೂಲೆ ಅಂಗಡಿಗೆ ಎರಡು ಸಲ ಫೋನ್ ಮಾಡಿದೆ. "ಬಾಗಿಲು ಹಾಕ್ಕೊಂಡಿದಾರೆ, ದೀಪ ಮಾತ್ರ ಉರೀತಿರುತ್ತೆ" ಎಂದರು. ಹಬ್ಬಕ್ಕೆ ಇನ್ನು ಒಂಬತ್ತೇ ದಿನ. ಬೈದಾದರೂ ಬರೆ. ಖಾಲಿ ಕವರ್ ಹಾಕಿದರೂ ಸಾಕು, ಇದ್ದೀಯ ಎಂದು ತಿಳಿದುಕೊಳ್ಳುತ್ತೇನೆ.

ಅರ್ಲೀನ್


ನ್ಯೂ ಆರ್ಲಿಯನ್ಸ್
24 ಫೆಬ್ರುವರಿ 1977

ಪ್ರೀತಿಯ ಅಕ್ಕ,

ಹೊರಟೆ. ಮೊನ್ನೆ ಮಂಗಳವಾರ ಬೆಳಿಗ್ಗೆ ನಿನ್ನ ತಮ್ಮ ಹಳದಿ ಹಾಕಿಕೊಂಡು ಮೆಟ್ಟಿಲಿಳಿದ.

ನಿನ್ನ ಕಾಗದ ಓದಿ ಎರಡು ವಾರ ಸೂಜಿ ಮುಟ್ಟಿರಲಿಲ್ಲ. ನಿನ್ನ ಮೇಲೆ ಸಿಟ್ಟು, ಅಂಗಡಿಯ ಹುಡುಗಿಯ ಮೇಲೆ ಸಿಟ್ಟು, ಆಲ್ಸೀಡನ ಷಡ್ಡಕನ ಮೇಲಂತೂ ಕೊಲ್ಲುವಷ್ಟು ಸಿಟ್ಟು. ನೀನು ಹೇಳಿದಂತೆಯೇ ಗೋಡೆಗೆ ಮುಖ ಮಾಡಿ ಮಲಗಿದೆ. ಒಂದು ಬೆಳಿಗ್ಗೆ ಎದ್ದು ಪಟ್ಟಿಯ ಮೇಲೆ ಕೈಯಿಟ್ಟು, "ಬಿಳಿ ಅಂತಲೇ ತಂದೆ ಕಣೆ, ಹಳದಿ ಆಗೋಯ್ತು" ಎಂದು ಅವಳಿಗೆ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ, ಅವಳು ಏನೆನ್ನುತ್ತಿದ್ದಳು ಎಂದು ನನಗೆ ಗೊತ್ತಾಗಿಹೋಯಿತು. "ನೋಡ್ರಪ್ಪಾ ಈ ಮನುಷ್ಯನ್ನ! ಇರೋವರೆಗೂ ನನ್ನ ಮಾತು ಕೇಳ್ಲಿಲ್ಲ, ಸತ್ತ ಮೇಲೂ ಕೇಳ್ಲಿಲ್ಲ!" ನಗು ಬಂತು ಅಕ್ಕ. ಅವಳು ಹೋದ ಮೇಲೆ ಮೊದಲ ಸಲ ನಕ್ಕೆ. ನಕ್ಕವನು ಎದ್ದು ಕಿರೀಟಕ್ಕೆ ಗರಿ ಕಟ್ಟಲು ಕೂತೆ. ಅಂದಿನಿಂದ ಹಬ್ಬದ ಬೆಳಗಿನವರೆಗೆ ಬೇರೆ ಕೆಲಸ ಮಾಡಲಿಲ್ಲ. ಅದಕ್ಕೇ ನಿನಗೆ ಬರೆಯಲಿಲ್ಲ.

ಬಾಗಿಲು ತೆಗೆದಾಗ ಬೀದಿ ಹೋ ಎಂದಿತು. "ಅಯ್ಯಯ್ಯೋ, ಸೂರ್ಯನೇ ಕಾಲು ಮೂಡಿ ಬಂದ್ನಲ್ಲೇ!" ಎಂದು ಪಕ್ಕದ ಮನೆಯಾಕೆ ಕೂಗಿದಳು. ಆಗ ಆಲ್ಸೀಡ್ ಹೇಳಿದ ಬಿಸಿಲು ನನಗೆ ಅರ್ಥವಾಯಿತು. ಆ ಕಳ್ಳ ಅಕ್ಟೋಬರಿನಲ್ಲೇ ನೋಡಿದ್ದ! ನೋಡಿಯೂ ಯಾರಿಗೂ ಹೇಳಲಿಲ್ಲ.

ಮೇಲ್ಸೇತುವೆಯ ಕೆಳಗೆ ಅವನೂ ನಾನೂ ಎದುರಾದೆವು. ಅವನದು ಹಸಿರಂತೆ. ನನಗೆ ಒಂದು ಮರ ನಡೆದು ಬಂದಂತೆ ಕಂಡಿತು. ಎರಡೂ ಬಳಗದ ತಮಟೆ ನಿಂತಿತು. ನಾಯಕರು ಎದುರಾದಾಗಿನ ಕಟ್ಟಳೆಯಂತೆ, ಬಾಗುವುದಿಲ್ಲ, ನನಗಿಂತ ಚೆಂದದವನಿಲ್ಲ ಎಂದು ಇಬ್ಬರೂ ಹಾಡಿ, ಕೂಗಿ, ಬಡಾಯಿ ಕೊಚ್ಚಿದೆವು. ಆಮೇಲೆ ಅವನು ಹತ್ತಿರ ಬಂದು ನನ್ನ ಎದೆ ನೋಡಿದ.

"ಇದು ನಮ್ಮ ಕೇರಿ ಹೊಲಿಗೆ ಅಲ್ವೇನೋ?"

"ಹೌದು ಕಣೋ. ಅಂಜೂರ ಕದ್ದಿದ್ದಕ್ಕೆ ವಸೂಲಿ."

ಅವನು ನಗಲಿಲ್ಲ. "ಒಡೀಲ್ ಬಿಳೀಲಿ ಎಷ್ಟು ಚೆನ್ನಾಗ್ ಕಾಣ್ತಾಳೋ" ಎಂದ. ತಮಟೆ ಮತ್ತೆ ಶುರುವಾದಾಗ ನನ್ನ ಪಕ್ಕಕ್ಕೇ ಬಂದು, ಹಾಡುತ್ತಿರುವವನ ಹಾಗೆ ಬಾಯಿ ಆಡಿಸುತ್ತ, "ಮುಂದೆ ಚರಂಡಿ ಇದೆ, ಎಡಗಾಲು ಎತ್ತಿಡು" ಎಂದ. ಬೀದಿಯ ಕೊನೆಯವರೆಗೂ ಹಾಗೇ ಕರೆದುಕೊಂಡು ಹೋದ. ನನ್ನ ಕಣ್ಣಿನ ವಿಷಯ ಕೇರಿಗೆಲ್ಲ ಯಾವತ್ತೋ ಗೊತ್ತಿತ್ತಂತೆ. ಗುಟ್ಟು ಕಾಯುತ್ತಿದ್ದವನು ನಾನೊಬ್ಬನೇ ಎಂದುಕೊಂಡಿದ್ದೆ, ಇಡೀ ಕೇರಿ ಕಾಯುತ್ತಿತ್ತು.

ಏಪ್ರಿಲಿನಲ್ಲಿ ಕಣ್ಣು ಕೊಯ್ಯಿಸಿಕೊಳ್ಳುತ್ತೇನೆ. ಹೆದರಿಕೆಯಾಗುತ್ತಿದೆ. ಬರುತ್ತೀಯಾ?

ಕ್ಲೋವಿಸ್


ಓಕ್‌ಲ್ಯಾಂಡ್
2 ಮಾರ್ಚ್ 1977

ತಮ್ಮಾ,

ಬರುತ್ತೇನೆ. ಎರಡು ದಿನ ರೈಲಿನಲ್ಲಿ ಕೂತರೆ ಮಂಡಿ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳುತ್ತಾರೆ. ಅದನ್ನು ಇಟ್ಟುಕೊಂಡು ಯಾವ ಕುಣಿತಕ್ಕೆ ಹೋಗಬೇಕಾಗಿದೆ? ಉಪ್ಪು ಹಾಕಿದ ಕೆಂಪು ಕಾಳು ತಿನ್ನುವೆಯಂತೆ.

ಅರ್ಲೀನ್


ನ್ಯೂ ಆರ್ಲಿಯನ್ಸ್
19 ಜೂನ್ 1977

ಪ್ರೀತಿಯ ಅಕ್ಕ,

ನೀನು ಹೋದ ಮೇಲೆ ಮನೆ ಬಿಕೋ ಎನ್ನುತ್ತಿದೆ. ನಿನ್ನ ಬೈಗುಳವಿಲ್ಲದೆ ಕಾಫಿ ರುಚಿಸುವುದಿಲ್ಲ.

ಮೊನ್ನೆ ಕನ್ನಡಕ ಬಂತು. ಗಾಜು ಬಾಟಲಿಯ ತಳದಷ್ಟು ದಪ್ಪ. ಹಾಕಿಕೊಂಡು ಮೊದಲು ಕಂಡದ್ದು ಅಡುಗೆಮನೆಯ ಗೋಡೆ. ಇಷ್ಟು ಮಸಿ ಹಿಡಿದಿದೆ ಎಂದು ನೀನು ಮೂರು ವಾರ ಇದ್ದೂ ಹೇಳಲಿಲ್ಲವಲ್ಲ! ಆಮೇಲೆ ಪೆಟ್ಟಿಗೆ ತೆಗೆದು ವೇಷ ನೋಡಿದೆ. ಅಬ್ಬಾ ಅಕ್ಕ, ಎಂಥ ಹಳದಿ! ಬಿಳಿ ಎಂದುಕೊಂಡು ಇದನ್ನೇ ನಾನು ಐದು ತಿಂಗಳು ಹೊಲಿದೆನೇ? ಒಬ್ಬನೇ ಕೂತು ಹೊಟ್ಟೆ ಹಿಡಿದು ನಕ್ಕೆ.

ಕಟ್ಟಳೆಯಂತೆ ಅದನ್ನು ಬಿಚ್ಚಿಹಾಕಿದೆ. ಹಾಕಿದ ವೇಷವನ್ನು ಮತ್ತೆ ಹಾಕುವಂತಿಲ್ಲವಲ್ಲ. ಗರಿಗಳನ್ನು ಬಳಗದ ಹುಡುಗರಿಗೆ ಹಂಚಿದೆ. ಎದೆಪಟ್ಟಿಗೆ ಮಾತ್ರ ಕತ್ತರಿ ತಾಗಿಸಲಿಲ್ಲ. ಅದನ್ನು ಕಿಟಕಿಯ ಬಳಿ, ಅವಳ ಕುರ್ಚಿಯ ಮೇಲೆ ತೂಗುಹಾಕಿದ್ದೇನೆ. ಅವಳ ಗೌನು ಬಿಳಿಯಾಗಿದೆ, ಸ್ವಲ್ಪ ನೀಲಿ ಬೆರೆತ ಬಿಳಿ. ಹೊಸ ಕಣ್ಣಿಗೆ ಬಿಳಿ ಹಾಗೇ ಕಾಣುತ್ತದೆ ಎಂದರು ಡಾಕ್ಟರು. ದಿನಾ ಬೆಳಿಗ್ಗೆ ಎದ್ದು ನೋಡುತ್ತೇನೆ.

ಅವಳಿಗೆ ಕೊಟ್ಟ ಮಾತು ಇನ್ನೂ ಬಾಕಿ ಇತ್ತಲ್ಲ, ನಿನ್ನೆ ಗರಿ ಅಂಗಡಿಗೆ ಹೋಗಿದ್ದೆ. ಅದೇ ಹುಡುಗಿ ಇದ್ದಳು. ಆಲ್ಸೀಡನ ಷಡ್ಡಕನೂ ಇದ್ದ, ಗುಂಡಿ ಆರಿಸುತ್ತ. ಈ ಸಲವೂ ಬಾಯಿ ಬಿಡಲಿಲ್ಲ, ಬೆರಳಲ್ಲೇ ತೋರಿಸಿದೆ. ಒಂದು ಗರಿಯನ್ನು ಇದರಲ್ಲಿಟ್ಟಿದ್ದೇನೆ. ಅದರ ಬಣ್ಣ ಯಾರಿಗೂ ಹೇಳಬೇಡ. ನನಗೂ ಹೇಳಬೇಡ. ನನಗೆ ಕಾಣುತ್ತದೆ.

ನಿನ್ನ ತಮ್ಮ,
ಕ್ಲೋವಿಸ್